ಕಿಟಕಿಯ ಮೇಲಿನ ಲೋಟ

ಜಯನಗರದ ಆ ಮನೆಯಲ್ಲಿ ನಾನು ಕೆಲಸಕ್ಕಿದ್ದದ್ದು ನಾಲ್ಕು ವರ್ಷ, ಎರಡು ತಿಂಗಳು, ಒಂಬತ್ತು ದಿನ. ರಜೆ ಹಾಕಿದ್ದು ಮೂವತ್ತೊಂದು ದಿನ. ಎಸ್ಸೆಸ್ಸೆಲ್ಸಿ ಮುಗಿದಾಗ ಶುರು ಮಾಡಿದ ಡೈರಿಯಲ್ಲಿ ಇದೆಲ್ಲ ಇದೆ. ಗ್ಯಾಸ್ ಬದಲಾಯಿಸಿದ ದಿನ, ನೀರು ಬಾರದ ದಿನ, ಆ ಮನೆಯ ಅಜ್ಜಿಯ ಬಿಪಿ. ನನಗೆ ಹೇಗನಿಸಿತು ಎಂಬುದು ಮಾತ್ರ ಎಲ್ಲೂ ಇಲ್ಲ.

ನನಗಿಂತ ಮೊದಲು ಅಲ್ಲಿ ಇಪ್ಪತ್ತೊಂದು ವರ್ಷ ದುಡಿದವಳು ಅವ್ವ. ಮಂಡಿನೋವಿನಿಂದ ಅವಳಿಗೆ ಜರಗನಹಳ್ಳಿಯಿಂದ ಬಸ್ಸು ಹತ್ತುವುದೇ ಕಷ್ಟವಾದಾಗ ನಾನು ಹೋದೆ. ಹೊರಡುವ ಮುನ್ನ ಅವಳು ಹೇಳಿದ್ದು ಇಷ್ಟು:

"ಹಿಂದ್ಗಡೆ ಕಿಟಕೀಲಿ ಒಂದು ಸ್ಟೀಲ್ ಲೋಟ ಇರ್ತದೆ. ಅದು ನಮ್ದು. ಅವರು ಮೇಲಿಂದ ಕಾಫಿ ಹುಯ್ತಾರೆ, ಹಿಂದಿನ ಮೆಟ್ಲಲ್ಲಿ ಕೂತು ಕುಡಿ. ತೊಳ್ದು ಅಲ್ಲೇ ಬೋರ್ಲಾಕು. ಜಾಸ್ತಿ ಹಚ್ಕೋಬೇಡ."

ಮಹಡಿಯ ಮೇಲೆ ಮಗಳ ಸಂಸಾರ, ಕೆಳಗೆ ಟೀಚರ್ ಆಗಿ ನಿವೃತ್ತರಾಗಿದ್ದ ಅಜ್ಜಿ. ಕಳೆದ ನವೆಂಬರಿನಲ್ಲಿ ಅವರು ಒಂಬತ್ತು ದಿನ ಜ್ವರದಲ್ಲಿ ಮಲಗಿದರು. ಮೈ ಒರೆಸಿದ್ದು, ಗಂಜಿ ಕುಡಿಸಿದ್ದು, ತಲೆ ಬಾಚಿದ್ದು ನಾನೇ. ಆ ದಿನಗಳಲ್ಲಿ ಮಗಳು ಮಾಡಿಕೊಡುತ್ತಿದ್ದ ನನ್ನ ಕಾಫಿ ಮಾತ್ರ ಕಿಟಕಿಯ ಲೋಟದಲ್ಲೇ ಇತ್ತು. ಅದರಲ್ಲಿ ವಿಚಿತ್ರವೇನೂ ನನಗೆ ಕಂಡಿರಲಿಲ್ಲ.

ನವೆಂಬರ್ ಹದಿನಾಲ್ಕು, ಗುರುವಾರ. ನಾನು ಬಟ್ಟೆ ಒಣಹಾಕಿ ಒಳಗೆ ಬಂದರೆ ಊಟದ ಮೇಜಿನ ಮೇಲೆ ಎರಡು ಲೋಟ ಕಾಫಿ. ಎರಡೂ ಮನೆಯವರ ಲೋಟಗಳು. ಅಜ್ಜಿ ಒಂದು ಕುರ್ಚಿ ಎಳೆದಿಟ್ಟಿದ್ದರು.

"ಬಾರೇ, ಕೂತ್ಕೊ. ಇವತ್ತು ನಾನೇ ಮಾಡಿದೀನಿ. ಚೆನ್ನಾಗಿಲ್ದಿದ್ರೂ ಕುಡೀಬೇಕು. ಪಾಪ, ಒಂಬತ್ತು ದಿನ ನನ್ನ ಗೊಣಗಾಟ ಕೇಳಿದೀಯ."

ನನಗೆ ಕೂರಬೇಕೆನಿಸಿತ್ತು. ಆದರೂ ಕಿಟಕಿಯ ಲೋಟ ತಂದು ಕಾಫಿಯನ್ನು ಅದಕ್ಕೆ ಬಗ್ಗಿಸಿಕೊಂಡೆ. ಅವರ ಲೋಟವನ್ನು ತೊಳೆದು ಬೋರಲು ಹಾಕಿದೆ.

"ಇರ್ಲಿ ಅಜ್ಜಿ, ನಂಗೆ ಇದೇ ಅಭ್ಯಾಸ."

ಅಜ್ಜಿ ಕುರ್ಚಿಯನ್ನು ಮೆಲ್ಲಗೆ ಮೇಜಿನೊಳಕ್ಕೆ ತಳ್ಳಿದರು. "ನಿಮ್ಮವ್ವನ ಮಗಳೇ ಸರಿ ನೀನು" ಎಂದರು. ಆಗ ಅದು ಹೊಗಳಿಕೆ ಎಂದುಕೊಂಡೆ. ಡೈರಿಯಲ್ಲಿ ಬರೆದದ್ದು, "ಕಾಫಿ, ಅಜ್ಜಿ ಮಾಡಿದ್ದು. ಸಕ್ಕರೆ ಕಡಿಮೆ."

ಸಂಜೆ ಅವ್ವನಿಗೆ ಹೆಮ್ಮೆಯಿಂದ ಹೇಳಿದೆ. ಹುರುಳಿಕಾಯಿ ಮುರಿಯುತ್ತಿದ್ದ ಅವಳ ಕೈ ನಿಂತಿತು.

"ಕರ್ದಾಗ ಕೂತ್ಕೋಬೇಕಿತ್ತು ಕಣೆ."

"ನೀನೇ ತಾನೇ ಹೇಳ್ಕೊಟ್ಟಿದ್ದು?"

"ಹ್ಞೂ. ನನ್ನನ್ನ ಯಾರೂ ಕರೀಲಿಲ್ಲ, ಅದಕ್ಕೆ ಹಂಗಂದೆ. ಇವತ್ತು ಕರೀತಾರೆ, ನಾಳೆ ಕರೀತಾರೆ ಅಂತ ಶುರೂನಲ್ಲಿ ಕಾಯ್ತಿದ್ದೆ. ಆಮೇಲೆ ಬಿಟ್ಟೆ."

ಇಪ್ಪತ್ತೊಂದು ವರ್ಷದಲ್ಲಿ ಅವ್ವ ಇದನ್ನು ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ.

ಮರುದಿನ ಕಾಫಿಯ ಹೊತ್ತಿಗೆ ಮೇಜಿನ ಹತ್ತಿರವೇ ಸುಳಿದಾಡಿದೆ, ಒರೆಸಿದ್ದನ್ನೇ ಒರೆಸಿದೆ. ಅಜ್ಜಿ ಎಂದಿನಂತೆ ಪಾತ್ರೆ ಹಿಡಿದು ಹಿಂಬಾಗಿಲಿಗೆ ಬಂದರು, ಕಿಟಕಿಯ ಲೋಟಕ್ಕೆ ಹುಯ್ದರು. ಮೇಜಿಗೆ ಕೂರಲು ನನಗೆ ಇಷ್ಟವಿಲ್ಲ ಎಂದುಕೊಂಡಿದ್ದರು. ಇಷ್ಟವಿದೆ ಎನ್ನಲು ನನಗೆ ಬಾಯಿ ಬರಲಿಲ್ಲ. ನಲವತ್ತೆರಡು ದಿನ ಹೀಗೇ ಆಯಿತು. ಡಿಸೆಂಬರ್ ಇಪ್ಪತ್ತೇಳರ ಬೆಳಿಗ್ಗೆ ಅಜ್ಜಿ ಹಾಸಿಗೆಯಿಂದ ಏಳಲಿಲ್ಲ.

ಹದಿಮೂರನೇ ದಿನದ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ಅಜ್ಜಿಯ ಮಗಳು ಮೇಜಿನ ಮೇಲೆ ಕಾಫಿ ಇಟ್ಟು, "ಬೆಳಗ್ಗಿಂದ ನಿಂತೇ ಇದೀಯ, ಕೂತ್ಕೊಂಡು ಕುಡಿ" ಎಂದರು. ಕುರ್ಚಿ ಖಾಲಿ ಇತ್ತು. ನನ್ನ ಕಾಲು ಮಾತ್ರ ನೇರ ಹಿಂದಿನ ಕಿಟಕಿಗೆ ಹೋಯಿತು. ಮನೆ ತೊಳೆಯುವಾಗ ಯಾರೋ ಆ ಲೋಟವನ್ನು ತೆಗೆದಿದ್ದರು. ವಾಪಸ್ ಬಂದು, ಮನೆಯವರ ಲೋಟವನ್ನೇ ಎತ್ತಿಕೊಂಡು ಹಿಂಬಾಗಿಲಲ್ಲಿ ನಿಂತು ಕುಡಿದೆ.

ರಾತ್ರಿ ಅವ್ವ ಕೇಳಿದಳು, "ಇವತ್ತಾದ್ರೂ ಕೂರ್ಸಿದ್ರಾ?"

"ಹ್ಞೂ, ಮೇಜಿನ ಹತ್ರಾನೇ ಕೂತಿದ್ದೆ" ಎಂದೆ.

ಅವ್ವ ತಲೆಯಾಡಿಸಿ, ಮಂಡಿಗೆ ಎಣ್ಣೆ ಹಚ್ಚಿಕೊಳ್ಳತೊಡಗಿದಳು. ಆ ದಿನದ ಡೈರಿಯಲ್ಲಿ ಇರುವುದು ಇಷ್ಟೇ: ಕಾಫಿ, ಒಂದು. ನಿಂತು.