ಹಲಗೆಯ ಕೆಳಗಿನ ಎರಡನೆಯ ಇಟ್ಟಿಗೆ

ನಾನು ಪ್ರಯೋಗದ ಪುಟ್ಟ ಬಂಡಿಯನ್ನು ಹಲಗೆಯ ಮೇಲಿಂದ ಇನ್ನೂ ಬಿಟ್ಟಿರಲಿಲ್ಲ. ಅಷ್ಟರಲ್ಲೇ ವಿದ್ಯಾರ್ಥಿಗಳು ಅದರ ವೇಗೋತ್ಕರ್ಷವನ್ನು ಬರೆದು ಮುಗಿಸಿದ್ದರು!

ಚಾಮರಾಜನಗರದಿಂದ ಬೈಲಹೊಂಗಲಕ್ಕೆ ಭೌತಶಾಸ್ತ್ರ ಕಲಿಸಲು ಬಂದವಳು ನಾನು. ನಮ್ಮಲ್ಲಿ ರೆಕಾರ್ಡ್ ಎನ್ನುವ ಪ್ರಯೋಗದ ಪುಸ್ತಕ ಇಲ್ಲಿ ಜರ್ನಲ್. ನಾವು ಪ್ರಯೋಗದ ನಂತರ ಬರೆಯುತ್ತಿದ್ದೆವು. ಇಲ್ಲಿ ಹಿಂದಿನ ವರ್ಷದವರದನ್ನು ನೋಡಿ ಮೊದಲೇ ಬರೆಯುತ್ತಾರೆ. ಒಂದು ಇಟ್ಟಿಗೆಯ ಮೇಲೆ ತುದಿಯಿಟ್ಟ ಹಲಗೆ, ಅದರಿಂದ ಉರುಳುವ ಬಂಡಿ, ಎರಡು ಸೆಕೆಂಡು: ವಿಭಾಗದ ಮುಖ್ಯಸ್ಥರು ಎಂದೋ ಕಂಡುಕೊಂಡ ಈ ಉತ್ತರವೇ ಶಾಶ್ವತ.

ಹೂಲಿಯಿಂದ ಬಸ್ಸಿನಲ್ಲಿ ಬರುವ ನೀಲವ್ವ ಮಾತ್ರ ಸ್ಟಾಪ್‌ವಾಚ್ ಹಿಡಿದು ತಾನೇ ಅಳೆದಳು. ಬಂಡಿಯ ಚಕ್ರ ತುಕ್ಕು ಹಿಡಿದಿದ್ದರಿಂದ ಅವಳ ಉತ್ತರ ಬೇರೆ ಬಂತು. ಮುಖ್ಯಸ್ಥರು ಆ ಪುಟಕ್ಕೆ ಕೆಂಪು ಗೀಟು ಎಳೆದರು.

“ಎಲ್ಲಾರಿಗೂ ಒಂದ ಬಂದೈತಿ. ನಿನಗಷ್ಟ ಬ್ಯಾರೆ ಹೆಂಗ ಬಂತವ್ವಾ?”

“ವಾಚ್ ತೋರಿಸಿದ್ದ ಬರದೇನ್ರಿ ಸರ.”

“ಹಂಗಾರ ವಾಚಿನ ಕಡಿಂದನ ಸಹಿ ಮಾಡಿಸ್ಕೊ, ಹೋಗು.”

ಜರ್ನಲ್‌ಗೆ ಸಹಿಯಿಲ್ಲದಿದ್ದರೆ ವಾರ್ಷಿಕ ಪರೀಕ್ಷೆಗೆ ಪ್ರವೇಶವಿಲ್ಲ. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆಯಿಂದ ನಾನು ಮುಖ್ಯಸ್ಥರೊಡನೆ ವಾದಕ್ಕಿಳಿದೆ.

“ಮೇಡಂ, ಮೊದಲ ಖಡಕ್ ರೊಟ್ಟಿ ಮುರಿಯೋದ ಕಲೀರಿ. ಆಮ್ಯಾಲ ನಮ್ಮನ್ನ ತಿದ್ದೀರಂತ,” ಎಂದರವರು. ಖಡಕ್ ರೊಟ್ಟಿಯೆಂದರೆ ಗರಿಗರಿಯಾಗಿ ಒಣಗಿಸಿದ ಜೋಳದ ರೊಟ್ಟಿ. ಸಿಬ್ಬಂದಿ ಕೋಣೆಯೇ ನಕ್ಕಿತು. ಮುದ್ದೆ ನುಂಗಿ ಬೆಳೆದ ನನ್ನ ಗಂಟಲಿನಲ್ಲಿ ಆ ನಗು ಇಳಿಯಲಿಲ್ಲ.

ಪೂರ್ವಸಿದ್ಧತಾ ಪರೀಕ್ಷೆಯನ್ನು ನೋಡಲು ಪ್ರಾಚಾರ್ಯರು ಬರುವವರಿದ್ದರು. ಅಂದು ಬೆಳಿಗ್ಗೆ ಹಲಗೆಯ ಕೆಳಗೆ ಎರಡನೆಯ ಇಟ್ಟಿಗೆಯನ್ನಿಟ್ಟೆ. ಯಾರೂ ಬಗ್ಗಿ ನೋಡಲಿಲ್ಲ. ಹತ್ತೊಂಬತ್ತು ಮಂದಿ ಹಳೆಯ ಉತ್ತರವನ್ನೇ ಬರೆದರು. ನೀಲವ್ವ ಅಳೆದು ಬರೆದಳು. ಯಾರದು ಸರಿಯೆಂದು ತಿಳಿಯಲು ಪ್ರಾಚಾರ್ಯರು ಮುಖ್ಯಸ್ಥರ ಕೈಗೇ ವಾಚ್ ಕೊಟ್ಟರು. ಒಂದೂಕಾಲು ಸೆಕೆಂಡು. ಮತ್ತೆ ಬಿಟ್ಟರು, ಮತ್ತೆ ಒಂದೂಕಾಲು.

“ಎಲ್ಲರಿಗೂ ಒಂದೇ ಬಂದಿದೆ ಸರ್. ನಿಮಗೊಬ್ಬರಿಗೇ ಬೇರೆ ಹೇಗೆ ಬಂತು?” ಎಂದೆ.

ತಾವೇ ಎಳೆದಿದ್ದ ಕೆಂಪು ಗೀಟಿನ ಕೆಳಗೆ, ಪ್ರಾಚಾರ್ಯರ ಎದುರೇ, ಅವರು ನೀಲವ್ವನ ಜರ್ನಲ್‌ಗೆ ಸಹಿ ಹಾಕಿದರು. ಆ ಗಳಿಗೆಯ ಸುಖವನ್ನು ನಾನು ಮುಚ್ಚಿಡಲಾರೆ. ಅಳೆಯದೆ ಬರೆದ ಉಳಿದವರ ಜರ್ನಲ್‌ಗಳನ್ನು ಪ್ರಾಚಾರ್ಯರು ರದ್ದುಮಾಡಿದರು. ಅಷ್ಟರಲ್ಲಿ ಎರಡನೆಯ ಇಟ್ಟಿಗೆ ಎಲ್ಲರ ಕಣ್ಣಿಗೂ ಬಿದ್ದಿತ್ತು.

ಮರುದಿನ ನೀಲವ್ವ ಬಂದಳು. “ಇಟ್ಟಂಗಿ ಇಡೋದ್ರಾಗ ನಾನೂ ಕೂಡೇನಿ ಅಂತ ಗೆಳತ್ಯಾರು ಮಾತ ಬಿಟ್ಟಾರ್ರಿ.”

“ನಾನೊಬ್ಬಳೇ ಇಟ್ಟೆನೆಂದು ಹೇಳುತ್ತೇನೆ.”

“ನೀವು ವರ್ಗಾ ಆಗಿ ಹೋಗತೀರಿ ಮೇಡಂ. ನಾ ದಿನಾ ಅವರ ಜೋಡಿನ ಬಸ್ಸಿನ್ಯಾಗ ಕುಂದರಬೇಕ.”

ತರಗತಿಯಲ್ಲಿ ಒಪ್ಪಿಕೊಂಡೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು: “ಅಳಿಯೋದ ಕಲಿಸಿದ್ರ ನಾವೂ ಅಳೀತಿದ್ವಿಲ್ರಿ?”

ನಾನು ವಾಚನ್ನು ಅವಳ ಕೈಗಿಟ್ಟೆ.

ಮುಖ್ಯಸ್ಥರನ್ನು ನಾನಿನ್ನೂ ಕ್ಷಮಿಸಿಲ್ಲ; ಕ್ಷಮಿಸುವ ಇರಾದೆಯೂ ಇಲ್ಲ. ನಮ್ಮೂರಿಗೆ ವರ್ಗಾವಣೆ ಕೋರಿ ಬರೆದ ಅರ್ಜಿ ಸಿದ್ಧವಿದೆ. ಆದರೆ ನಾಳೆಯಿಂದ ಆ ಹತ್ತೊಂಬತ್ತು ಮಂದಿ ಒಬ್ಬೊಬ್ಬರಾಗಿ ಬಂಡಿ ಬಿಡಬೇಕಿದೆ, ನಾನು ಪಕ್ಕದಲ್ಲಿ ನಿಲ್ಲಬೇಕಿದೆ. ಅರ್ಜಿಯಲ್ಲಿ ದಿನಾಂಕದ ಜಾಗವನ್ನು ಖಾಲಿ ಬಿಟ್ಟಿದ್ದೇನೆ.