ಹೆಗ್ಗನಹಳ್ಳಿಗೆ ಹೋಗದೆ ತುಂಬಿದ ಕಾರ್ಡು

ಇದನ್ನು ಬರೆಯಬೇಕು ಅಂತ ಎಷ್ಟೋ ಸಲ ಕೂತು, ಬೇರೇನೋ ಬರೆದು ಎದ್ದಿದ್ದೇನೆ. ಇನ್ನೂ ಮುಂದೂಡಿದರೆ ಹೇಳಲು ನಾನೇ ಇರುವುದಿಲ್ಲ.

ಎಂಬತ್ತರ ದಶಕದಲ್ಲಿ ಒಂದು ಕ್ಯಾನ್ಸರ್ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಗುಮಾಸ್ತನಾಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ, ಮನೆ ರಾಜಾಜಿನಗರ. ಅಲ್ಲಿನ ಡಾಕ್ಟರಮ್ಮ ಹೊಟ್ಟೆಯ ಕ್ಯಾನ್ಸರಿನ ಸಂಶೋಧನೆ ಮಾಡುತ್ತಿದ್ದರು. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ಚೂರನ್ನು ಕೊರೆಯುವ ಥಂಡಿಯ ಡಬ್ಬದಲ್ಲಿ ಕಾಪಾಡಿ, ಜೀವಕೋಶದ ಒಳಗಿನ ಜೀನುಗಳಲ್ಲಿ ಏನು ಕೆಟ್ಟಿದೆ ಅಂತ ಹುಡುಕುವುದು ಅವರ ಕೆಲಸ.

“ಒಂದೇ ಅಳತೆ ಗಡ್ಡೆ. ಒಬ್ರು ವರ್ಷದೊಳಗೆ ಹೋಗ್ತಾರೆ, ಇನ್ನೊಬ್ರು ಮೊಮ್ಮಕ್ಕಳನ್ನ ಎತ್ತಾಡಿಸ್ತಾರೆ. ಯಾಕೆ ಅನ್ನೋದು ಈ ಚೂರಲ್ಲೇ ಇರ್ಬೇಕು ಕಣ್ರೀ. ಆದ್ರೆ ಯಾರು ಎಷ್ಟು ದಿನ ಬದುಕಿದ್ರು ಅಂತ ನೀವು ಸರಿಯಾಗಿ ತಂದುಕೊಟ್ರೆ ಮಾತ್ರ ನಂಗೆ ಗೊತ್ತಾಗೋದು,” ಅಂತ ಅವರು ಹೇಳಿದ್ದರು.

ಅದು ನನ್ನ ಕೆಲಸ. ತಪಾಸಣೆಗೆ ಬನ್ನಿ ಅಂತ ರೋಗಿಗಳಿಗೆ ಅಂಚೆ ಕಾರ್ಡು ಹಾಕಬೇಕು, ಬಾರದವರ ಮನೆ ಹುಡುಕಿಕೊಂಡು ಹೋಗಿ ನೋಡಿಬರಬೇಕು. ಪ್ರತಿ ರೋಗಿಯ ಹೆಸರಿನಲ್ಲೂ ಪ್ರಯೋಗಾಲಯದಲ್ಲಿ ಒಂದು ದಾಖಲೆ ಕಾರ್ಡು ಇರುತ್ತಿತ್ತು, ಅದರಲ್ಲಿ ಮನೆಗೆ ಬೀಗ ಅಂತ ಬರೆದರೆ ಮುಂದಿನ ವಾರ ಮತ್ತೆ ಹೋಗಬೇಕು. ತೀರಿಕೊಂಡರು ಅಂತ ಬರೆದರೆ ಆ ಕಾರ್ಡು ಬೇರೆ ಡ್ರಾಯರಿಗೆ ಹೋಗುತ್ತಿತ್ತು, ಆ ಮನೆಗೆ ಅಂಚೆ ಕಾರ್ಡು ನಿಲ್ಲುತ್ತಿತ್ತು, ಮತ್ತೆ ಯಾರೂ ಕೇಳುತ್ತಿರಲಿಲ್ಲ.

ಹೆಗ್ಗನಹಳ್ಳಿಯಲ್ಲಿ ಊದುಬತ್ತಿ ಹೊಸೆಯುವ ಹೆಂಗಸೊಬ್ಬಳು ಆಪರೇಷನ್ ಆದಮೇಲೆ ಎರಡು ಸಲ ತಪಾಸಣೆಗೆ ಬಂದು, ಮೂರನೆಯ ಸಲ ಬರಲಿಲ್ಲ. ಒಮ್ಮೆ ಹೋಗಿದ್ದೆ, ಬೀಗ. ಎರಡನೆಯ ಸಲ ಮಳೆ. ಸುಂಕದಕಟ್ಟೆಯಲ್ಲಿ ಬಸ್ಸಿಳಿದವನು ಹೆಗ್ಗನಹಳ್ಳಿಯವರೆಗೆ ಆ ಕೆಸರಿನಲ್ಲಿ ನಡೆಯಬೇಕಲ್ಲ ಅಂತ ಅಲ್ಲೇ ಒಂದು ಹೋಟೆಲಿನಲ್ಲಿ ಕೂತೆ. ಕಾಫಿ ಕುಡಿಯುತ್ತಾ ತೀರಿಕೊಂಡರು ಅಂತ ಬರೆದೆ. ತಾರೀಕನ್ನೂ ನಾನೇ ಹಾಕಿದೆ. ಆ ಕಾಯಿಲೆಯವರು ಹೆಚ್ಚಾಗಿ ಉಳಿಯುತ್ತಿರಲಿಲ್ಲ, ಆ ಧೈರ್ಯದ ಮೇಲೆ.

ಒಂದು ವರ್ಷದ ಮೇಲೆ ಅವಳೇ ಬಂದು ಪ್ರಯೋಗಾಲಯದ ಬಾಗಿಲಲ್ಲಿ ನಿಂತಳು. ಮೈ ಅರ್ಧಕ್ಕೆ ಇಳಿದಿತ್ತು.

“ಏನಣ್ಣಾ, ನನ್ ಹೊಟ್ಟೆ ಚೂರು ಇನ್ನೂ ಇಟ್ಟಿದೀರೋ, ಬೆಕ್ಕಿಗೆ ಹಾಕಿದ್ರೋ?” ಅಂತ ನಕ್ಕಳು. ಆಮೇಲೆ, “ಆವಾಗ ತಂಗಿ ಬಾಣಂತನಕ್ಕೆ ಹೋಗಿದ್ದೆ. ಬಂದ್ಮೇಲೆ ನಿಮ್ ಕಾರ್ಡೇ ಬರ್ಲಿಲ್ವಲ್ಲ, ವಾಸಿಯಾಗಿರ್ಬೇಕು ಅಂದ್ಕೊಂಡೆ. ಈಗ ಎರಡು ತಿಂಗಳಿಂದ ಅನ್ನ ಇಳೀತಿಲ್ಲ,” ಅಂದಳು.

ಡಾಕ್ಟರಮ್ಮ ಪರೀಕ್ಷೆ ಮಾಡಿದರು. ಕಾಯಿಲೆ ಮರಳಿ ಬಂದು ಲಿವರಿಗೂ ಹರಡಿತ್ತು. ನನ್ನನ್ನು ಒಳಗೆ ಕರೆದು ಕಾರ್ಡು ಮುಂದಿಟ್ಟರು.

“ಇವಳ ಚೂರನ್ನ ಬೇಗ ಸತ್ತವರ ಜೊತೆ ಸೇರಿಸಿ ನೋಡ್ತಾ ಇದ್ದೆ ನಾನು. ಯಾರ್ರೀ ಹೇಳಿದ್ದು ನಿಮಗೆ, ಸತ್ತೋದ್ಳು ಅಂತ?”

“ಪಕ್ಕದ ಮನೆಯವರು, ಮೇಡಂ.”

ಅವರು ನಂಬಿದರು. ಎದ್ದು ಹೋಗಿ ಅವಳ ಮುಂದೆ, “ತಪ್ಪು ನಮ್ದಮ್ಮಾ,” ಅಂತ ಕೈ ಮುಗಿದರು. ಅವಳು ಗಾಬರಿಯಾಗಿ, “ಬಿಡಿ ತಾಯಿ, ನೀವ್ಯಾಕೆ,” ಅಂದಳು. ನಾನು ಬೀರು ತೆಗೆದು, ಏನೋ ಹುಡುಕುವವನಂತೆ ಅವರಿಗೆ ಬೆನ್ನು ತಿರುಗಿಸಿದೆ.

ಮೊದಲೇ ಬಂದಿದ್ದರೂ ಉಳಿಯುತ್ತಿದ್ದಳೋ ಇಲ್ಲವೋ ಹೇಳಲಾಗದು ಅಂತ ಡಾಕ್ಟರಮ್ಮ ಅಂದದ್ದುಂಟು. ಆ ಮಾತನ್ನೇ ಹಿಡಿದುಕೊಂಡು ಬಹಳ ವರ್ಷ ಸಮಾಧಾನ ಮಾಡಿಕೊಂಡೆ. ಅವಳು ನಾಲ್ಕು ತಿಂಗಳು ಆಸ್ಪತ್ರೆಗೆ ಬಂದು ಹೋಗಿ ಮಾಡಿದಳು. ಬಂದಾಗಲೆಲ್ಲ ನನ್ನ ಮೇಜಿನ ಹತ್ತಿರ ಐದು ನಿಮಿಷ ಕೂರುತ್ತಿದ್ದಳು. ನಿಜ ಹೇಳಲು ಅಷ್ಟೊಂದು ಸಲ ಅವಕಾಶವಿತ್ತು. ಕೊನೆಗೊಂದು ದಿನ ಅವಳ ಗಂಡ ಒಬ್ಬನೇ ಬಂದ. ನನ್ನ ಹಳೆಯ ತಾರೀಕನ್ನು ಹೊಡೆದುಹಾಕಿ, ಅವನು ಹೇಳಿದ ತಾರೀಕು ಬರೆದುಕೊಂಡೆ.

ನನ್ನ ನಿವೃತ್ತಿಯ ದಿನ ಡಾಕ್ಟರಮ್ಮನಿಗೆ ನಿಜ ಹೇಳಿ ಕ್ಷಮೆ ಕೇಳಿದೆ. “ನನ್ನ ಕೇಳಿ ಏನು ಬಂತು?” ಅಂದರು.

ಅವರು ಹೇಳಿದ್ದು ಸರಿ. ನಾನು ಕೇಳಬೇಕಾಗಿದ್ದದ್ದು, ಕೇಳದೇ ಉಳಿದದ್ದು, ನನ್ನನ್ನು ಅಣ್ಣ ಅನ್ನುತ್ತಿದ್ದ ಹೆಗ್ಗನಹಳ್ಳಿಯ ಆ ಹೆಂಗಸನ್ನು.