ಲೊಫೆಂಬೆಯ ಬಾಯಿಗೆ ಹೆದರದ ಬೊನೊಬೊಗಳು

ನನ್ನ ಹೆಂಡತಿಯ ತಮ್ಮ ಲೊಫೆಂಬೆ ಹುಟ್ಟಿದಾಗಲೇ ಸೂಲಗಿತ್ತಿ ಕಿವಿ ಮುಚ್ಚಿಕೊಂಡಳಂತೆ. ಕಾಂಗೋ ಕಾಡಿನ ನಮ್ಮ ಬೊಂಗಾಂಡೊ ಜನಕ್ಕೆ ಏನಾದರೂ ದೂರಿದ್ದರೆ ಅಂಗಳದಲ್ಲಿ ನಿಂತು, ಇಂಥವರಿಗೆ ಅಂತಿಲ್ಲದೆ, ಊರಿಗೇ ಕೇಳುವ ಹಾಗೆ ಕೂಗುವುದು ರೂಢಿ. ಯಾರೂ ತಿರುಗಿ ನೋಡುವುದಿಲ್ಲ, ಉತ್ತರ ಕೊಡುವುದಂತೂ ಇಲ್ಲವೇ ಇಲ್ಲ. ಆದರೆ ಇವನು ಶುರು ಮಾಡಿದರೆ ಪಕ್ಕದೂರಿನ ಹುಂಜಗಳೂ ಸುಮ್ಮನಾಗುತ್ತಿದ್ದವು. ಬೇಟೆ, ಮೀನು, ಕಾಫಿ ತೋಟ, ಮೂರು ಕಡೆಯೂ ಈ ಬಾಯಿಂದಲೇ ಕೆಲಸ ಕಳೆದುಕೊಂಡಿದ್ದ.

ಅಂಥವನನ್ನು, ನನ್ನವಳ ಕಾಟ ತಡೆಯಲಾರದೆ, ಬೊನೊಬೊಗಳ ಹಿಂದೆ ತಿರುಗಿ ಅವು ಏನೇನು ಮಾಡುತ್ತವೆಂದು ಬರೆದಿಡುವ ನಮ್ಮ ಕೆಲಸಕ್ಕೆ ಸೇರಿಸಿಕೊಂಡೆ. ಬೆಳಕು ಹರಿದು ಆ ವಾನರಗಳು ಮರದ ಮೇಲಿನ ಎಲೆಹಾಸಿಗೆಯಿಂದ ಏಳುವಾಗ ನಾವು ಕೆಳಗಿರಬೇಕು. ಸಂಜೆ ಹೊಸ ಹಾಸಿಗೆ ಮಾಡಿಕೊಂಡು ಮಲಗುವ ತನಕ ಹಿಂದೆಯೇ ಇರಬೇಕು. ಇದು ಹೊಸ ಗುಂಪು, ಇನ್ನೂ ನಮಗೆ ಒಗ್ಗಿರಲಿಲ್ಲ, ಕಂಡರೆ ಓಡುತ್ತಿತ್ತು.

"ಒಂದು ಮಾತಾಡಿದ್ರೂ ಕೆಲಸ ಹೋಯ್ತು ಅಂತಲೇ ತಿಳ್ಕೊ" ಅಂದೆ.

"ಇದೂ ಹೋದ್ರೆ ಹೆಂಡ್ತಿ ತವರಿಗೆ ಹೋಗ್ತೀನಿ ಅಂದವ್ಳೆ ಭಾವ" ಅಂತ ಬಾಯಿಗೆ ಎಲೆ ತುರುಕಿಕೊಂಡ.

ಎಂಟು ದಿನ ತಡೆದ. ಗುಂಪು ಮಾತ್ರ ದಿನಾ ತಪ್ಪಿಸಿಕೊಳ್ಳುತ್ತಿತ್ತು. ಒಂಬತ್ತನೇ ದಿನ ಪೊದೆಯ ಮರೆಯಲ್ಲಿ ಕೂತಿದ್ದೆವು. ದಡಿಯ ಗಂಡೊಂದು ಕೊಂಬೆ ಎಳೆದಾಡಿಕೊಂಡು ಹಣ್ಣಿನ ಮರದ ಕೆಳಗೆ ದರ್ಪ ತೋರಿಸಿತು. ಮೂರು ಹೆಣ್ಣು ಸೇರಿ ಅದನ್ನು ಅಟ್ಟಾಡಿಸಿ, ವಾಪಸು ಬಂದು, ತಮ್ಮ ರೂಢಿಯಂತೆ ತಬ್ಬಿಕೊಂಡು ಸೊಂಟಕ್ಕೆ ಸೊಂಟ ಉಜ್ಜಿ ಸಮಾಧಾನ ಮಾಡಿಕೊಂಡು, ಆರಾಮಾಗಿ ಹಣ್ಣು ತಿನ್ನತೊಡಗಿದವು. ಗಂಡು ತನ್ನ ಮುದಿ ತಾಯಿಯ ಬೆನ್ನ ಹಿಂದೆ ಹೋಗಿ ಕೂತಿತು.

ಲೊಫೆಂಬೆ ಎಲೆ ಉಗಿದು ಎದ್ದು ನಿಂತ. "ಥೂ ನಿನ್ನ! ನಿನಗಾದ್ರೂ ಅಡಗೋಕೆ ಅವ್ವ ಅವ್ಳೆ! ನಮ್ಮನೇಲೂ ಮೂರು ಹೆಂಗಸ್ರು ಅಟ್ಟಿಸ್ಕೊಂಡು ಬರ್ತಾರೆ, ನಾನ್ ಎಲ್ಲೋ ಅಡಗ್ಲಿ?"

"ಮುಗೀತು! ಮನೆಗೆ ನಡಿಯೋ!" ನಾನು ಅವನಿಗಿಂತ ಜೋರಾಗಿ ಅರಚಿದೆ.

ಅವನು ಹೋದ. ಮರ ನೋಡಿದೆ. ಒಂದೂ ಓಡಿರಲಿಲ್ಲ.

ಮರುದಿನ ನಾನೊಬ್ಬನೇ ಬೆಕ್ಕಿನ ಹಾಗೆ ಹೋದೆ. ಕಂಡದ್ದೇ ತಡ, ಎಲ್ಲ ಮಾಯ. ಆಗ ಹೊಳೆಯಿತು. ನಮ್ಮೂರಿನ ಕೂಗಾಟವನ್ನು ಅವು ಹುಟ್ಟಿದಾಗಿನಿಂದ ಕೇಳಿವೆ. ಸದ್ದಿಲ್ಲದೆ ಬರುವವನು ಮಾತ್ರ ಅವಕ್ಕೆ ಬಂದೂಕಿನವನು.

ಸಂಜೆ ಅವನ ಅಂಗಳಕ್ಕೆ ಹೋದೆ. ಹೆಂಡತಿ ಗಂಟು ಕಟ್ಟಿ ಬಾಗಿಲಲ್ಲಿ ಕೂತಿದ್ದಳು. ಇವನು ಊರಿಗೆ ಕೂಗುತ್ತಿದ್ದ. "ನಮ್ಮ ಭಾವನಿಗೆ ಕಿವಿ ಅವೆ, ನಡುವೆ ಏನೂ ಇಲ್ಲ!"

ಇಂಥ ಕೂಗಿಗೆ ಉತ್ತರ ಕೊಡಬಾರದು. ಕೊಟ್ಟೆ. "ನಾಳೆ ಬಾರೋ! ಆ ಬಾಯಿ ಸಮೇತ ಬಾ!"

ಅವನು ನನ್ನ ಕಡೆ ತಿರುಗಲೂ ಇಲ್ಲ. "ಭಾವ ಬಂದವ್ರೆ ಕೇಳ್ರಪ್ಪೋ! ಇನ್ನೊಂದ್ಸಲ ಕರೆದ್ರೆ ಹೋಗ್ತೀನಿ!"

ಹಲ್ಲು ಕಡಿದುಕೊಂಡು ಇನ್ನೊಂದು ಸಲ ಕರೆದೆ. ಅವನ ಹೆಂಡತಿ ಗಂಟು ಒಳಗಿಟ್ಟು ಬಂದಳು. "ಅಣ್ಣಾ, ಬೆಳಿಗ್ಗೆ ಬೇಗ ಕರ್ಕೊಂಡು ಹೋಗು. ಕಿವಿ ನೋಯ್ತದೆ."